ಎಲ್ ಬೋರ್ಡು ಕಟ್ಟಿಕೊಂಡು ಕುಣಿಗಲ್‌ವರೆಗೆ

ಗುಬ್ಬಿಯ ನಮ್ಮ ಮನೆಯಿಂದ ವ್ಯಾನು ಹೊರಟಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಸ್ಟಿಯರಿಂಗ್ ಹಿಡಿದವಳು ನಾನು. ಪಕ್ಕದಲ್ಲಿ ನಮ್ಮ ಯಜಮಾನರು, ಹಿಂದೆ ಸ್ಟೀಲ್ ಪಾತ್ರೆಗಳ ಮೂಟೆಗಳು. ಎಂಬತ್ತರ ದಶಕದ ಆ ಶುರುವಿನಲ್ಲಿ ಹೆಂಗಸು ವ್ಯಾನು ಓಡಿಸುವುದೆಂದರೆ ನಮ್ಮೂರಿಗೆ ಪುಕ್ಕಟೆ ನಾಟಕ. ಹೋಟೆಲಿನ ಮುಂದೆ ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ನೋಡಿದರಂತೆ. ನನಗೆ ಅವರು ಕಾಣಲೇ ಇಲ್ಲ. ಗಾಡಿ ಹತ್ತಿದರೆ ಎದುರಿನ ಟಾರು ಬಿಟ್ಟು ಬೇರೇನೂ ಕಾಣದಿರುವುದೇ ನನ್ನ ರೋಗವಾಗಿತ್ತು.

ಹಿಂದಿನ ತಿಂಗಳು ತುಮಕೂರಿನಲ್ಲಿ ಡ್ರೈವಿಂಗ್ ಟೆಸ್ಟ್ ಫೇಲಾದದ್ದೂ ಅದರಿಂದಲೇ. ಗಾಡಿಯನ್ನು ಎಲ್ಲೂ ತಾಗಿಸಿರಲಿಲ್ಲ. ನಿಲ್ಲಿಸಿದ ಮೇಲೆ ಇನ್ಸ್‌ಪೆಕ್ಟರು, "ಎಡಗಡೆ ಒಂದು ಸ್ಕೂಲು ದಾಟಿದ್ವಲ್ಲ, ಗೇಟಲ್ಲಿ ಮಕ್ಕಳು ನಿಂತಿದ್ರು. ನೋಡಿದ್ರೇನಮ್ಮಾ?" ಎಂದು ಕೇಳಿದರು. ಸ್ಕೂಲು ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. "ಓಡ್ಸೋದು ಕಲ್ತಿದೀರಿ. ನೋಡೋದು ಕಲ್ತು ಬನ್ನಿ" ಎಂದು ಕಳಿಸಿಬಿಟ್ಟರು.

ನಮ್ಮದು ಸಂತೆಯಿಂದ ಸಂತೆಗೆ ಪಾತ್ರೆ ಮಾರುವ ವ್ಯಾಪಾರ. ಯಜಮಾನರ ಬಲಗಣ್ಣಿನ ನರ ಸೊರಗಿದೆ, ಆ ಕಣ್ಣು ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. "ಎಡಗಣ್ಣು ಗಟ್ಟಿಯಾಗೈತೆ ಬುಡೇ" ಎನ್ನುತ್ತಾ ಅವರು ಇಷ್ಟು ದಿನ ಓಡಿಸಿದರು. ಡ್ರೈವರನ್ನಿಟ್ಟು ಸಂಬಳ ಕೊಡುವ ಶಕ್ತಿ ನಮಗಿರಲಿಲ್ಲ. ನಾನು ಪಾಸಾಗದಿದ್ದರೆ ವ್ಯಾನನ್ನೇ ಮಾರಬೇಕು. ಮಾರನೆಯ ದಿನ ಮತ್ತೆ ಟೆಸ್ಟು ಇತ್ತು. ಕೈ ಪಳಗಲೆಂದು ತುಮಕೂರು ದಾಟಿ ಕುಣಿಗಲ್‌ಗೆ ಹೋಗಿ, ನಾದಿನಿ ಮನೆಯಲ್ಲಿ ತಂಗಿ, ಬೆಳಿಗ್ಗೆ ತುಮಕೂರಿಗೆ ಮರಳುವುದೆಂದು ಹೊರಟಿದ್ದೆವು. ದಾರಿಯಲ್ಲಿ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕೆಂದು ಯಜಮಾನರ ಅಪ್ಪಣೆಯಾಗಿತ್ತು.

"ಎತ್ತಿನ ಗಾಡಿ. ಸೈಕಲ್ಲು, ಹಿಂದೆ ಹಾಲಿನ ಕ್ಯಾನು. ನಾಯಿ" ಎಂದೆ.

"ನಾಯಿ ಯಾವ ಕಡೆ ಮುಖ ಮಾಡೈತೆ?"

"ನಾಯಿ ಮುಖ ಕಟ್ಕೊಂಡು ನನಗೇನ್ರೀ?"

"ಮುಖ ಎತ್ಲಾಗೋ ಓಟನೂ ಅತ್ಲಾಗೇ ಕಣೇ. ನಿಂತಿರೋ ಬಸ್ಸಿನ ಅಡೀಗೂ ಒಂದ್ಸಾರಿ ಬಗ್ಗಿ ನೋಡು. ಕಾಲು ಕಂಡ್ರೆ ಆಳು ಅಡ್ಡ ಬಂದ ಅಂತ್ಲೇ ಲೆಕ್ಕ. ಮೈಯೆಲ್ಲ ಕಣ್ಣಾಗಿರಬೇಕು."

ಗುಬ್ಬಿಯಿಂದ ತುಮಕೂರಿಗೆ ಇಪ್ಪತ್ತು ಕಿಲೋಮೀಟರು. ಅಷ್ಟರಲ್ಲಿ ಸೀರೆಯ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು, ಅದೂ ಆ ಚಳಿಯಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ ಇಡ್ಲಿ ತರಿಸಿದೆವು. ಅವರಿಗೆ ನಾಲ್ಕು ಇಳಿದವು, ನನಗೆ ಒಂದೂ ಇಳಿಯಲಿಲ್ಲ.

ಗೂಳೂರು ಕಳೆದು ಹೆಬ್ಬೂರು ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆಯ ಅಗಲಕ್ಕೂ ಹುರುಳಿ ಗಿಡ ಹಾಸಿದ್ದರು. ಒಕ್ಕಣೆಗೆ ಕಣ ಮಾಡುವ ಬದಲು ಟಾರಿನ ಮೇಲೆ ಹರಡುವುದು ನಮ್ಮ ಕಡೆ ವಾಡಿಕೆ. ಬಸ್ಸು ಲಾರಿ ತುಳಿದರೆ ಕಾಳು ತಾನಾಗಿ ಉದುರುತ್ತದೆ. ಬಳಸಿಕೊಂಡು ಹೋದರೆ ರೈತರು ಬೈಯುತ್ತಾರೆ. ಮೇಲೆ ಹತ್ತಿಸಿಕೊಂಡು ಹೋಗುವುದೇ ಮರ್ಯಾದೆ.

"ಹುರುಳಿ ಹಾಸವ್ರೆ. ಮಧ್ಯದಲ್ಲಿ ಒಂದು ಗುಡ್ಡೆ. ಮರದಡಿ ಬಿಂದಿಗೆ" ಎಂದೆ.

"ಆಳು?"

"ಯಾರೂ ಇಲ್ಲ."

"ಹತ್ಸು ಮತ್ತೆ. ನಮ್ಗೂ ಪುಣ್ಯ ಬರ್ಲಿ."

ಮುಂದಿನ ಚಕ್ರ ಹುರುಳಿ ಹತ್ತಿತ್ತು. ಗುಡ್ಡೆಯ ಅಂಚಿನಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಕಂಡಿತು. ಚಪ್ಪಲಿ ಇಲ್ಲಿದ್ದರೆ ಕಾಲೆಲ್ಲಿ ಎಂದುಕೊಂಡವಳೇ ಬ್ರೇಕ್ ಒತ್ತಿಬಿಟ್ಟೆ. ಹಿಂದಿನ ಪಾತ್ರೆಗಳೆಲ್ಲ ಒಂದರ ಮೇಲೊಂದು ಉರುಳಿ ದಡಬಡ ಎಂದವು. ಆ ಸದ್ದಿಗೆ ಗುಡ್ಡೆ ಅಲುಗಾಡಿ, ಒಳಗಿಂದ ಕಂಬಳಿ ಹೊದ್ದ ಮುದುಕಿಯೊಬ್ಬಳು ಎದ್ದು ಕೂತಳು. ತಲೆತುಂಬ ಹುರುಳಿ ಹೊಟ್ಟು.

"ಯಾಕವ್ವಾ ನಿಲ್ಸುಬುಟ್ಟೆ? ಬೆಚ್ಚಗೈತೆ ಅಂತ ಚೂರು ಅಡ್ಡಾಗಿದ್ದೆ. ಹತ್ಸು, ಹತ್ಸು" ಎಂದಳು. ನನಗೆ ಜೀವ ಬಾಯಿಗೆ ಬಂದಿತ್ತು. ಅವಳಿಗೆ ಹುರುಳಿಯದೇ ಚಿಂತೆ. ಚಪ್ಪಲಿ ಮೆಟ್ಟಿಕೊಂಡು ಪಕ್ಕಕ್ಕೆ ಸರಿದವಳು, ಹಿಂದಕ್ಕೂ ಮುಂದಕ್ಕೂ ಎರಡು ಸಲ ಓಡಿಸಿಕೊಂಡು ಹೋಗೆಂದಳು. ಅವಳು ಹೇಳಿದಂತೆಯೇ ಓಡಿಸಿದೆ.

ಅಲ್ಲಿಂದ ಅರ್ಧ ಮೈಲಿ ಬಂದು ಗಾಡಿ ನಿಲ್ಲಿಸಿದೆ. "ಚಪ್ಪಲಿ ನಿಮಗೆ ಕಾಣ್ಲಿಲ್ವೇನ್ರೀ?"

"ಗುಡ್ಡೆನೇ ಕಾಣ್ಲಿಲ್ಲ ಕಣೇ. ನೀನು ಅಂದ್ಮೇಲೆ ಅದು ಹುರುಳಿ ಅಂತ ಗೊತ್ತಾಯ್ತು."

"ಎಡಗಣ್ಣೂ?"

"ಗಣೇಶನ ಹಬ್ಬ ಕಳೆದ್ಮೇಲಿಂದ ಮಬ್ಬು ಮಬ್ಬು. ಹೇಳಿದ್ರೆ ವ್ಯಾನು ಮಾರಿ ಅಂತಿದ್ದೆ."

ಹಾಗೇ ಅನ್ನುತ್ತಿದ್ದೆ, ಸುಳ್ಳಲ್ಲ. ಗಣೇಶನ ಹಬ್ಬದಿಂದೀಚೆಗೆ ಅವರು ಕಡಬಕ್ಕೆ ಓಡಿಸಿದ್ದರು, ಅಮೃತೂರಿಗೆ ಓಡಿಸಿದ್ದರು, ಸಂತೆಯ ಜನದ ನಡುವೆ ತೂರಿಸಿದ್ದರು. ನಾನು ಪಕ್ಕದಲ್ಲಿ ಕೂತು ತೂಕಡಿಸಿದ್ದೆ. ಬಾಯಿಗೆ ಬಂದಂತೆ ಬೈದೆ, ಆಮೇಲೆ ಅತ್ತೆ. ಕಲಿಯುವವರ ಪಕ್ಕ ಲೈಸೆನ್ಸ್ ಇದ್ದವರು ಕೂರಬೇಕೆಂಬುದು ಕಾನೂನು. ನನ್ನ ಪಕ್ಕ ಲೈಸೆನ್ಸ್ ಕೂತಿತ್ತು, ಕಣ್ಣಿರಲಿಲ್ಲ. ಕುಣಿಗಲ್‌ವರೆಗೂ ನಾನೊಬ್ಬಳೇ ಇದ್ದೇನೆ ಎಂಬಂತೆ ಓಡಿಸಿದೆ.

ನಾದಿನಿ ಮುದ್ದೆ, ಅವರೆಕಾಳಿನ ಸಾರು ಮಾಡಿದ್ದಳು. ಅವಳಿಗೆ ಏನೂ ಹೇಳಲಿಲ್ಲ. ತಟ್ಟೆಯ ಮುದ್ದೆಯನ್ನು ಯಜಮಾನರು ಬೆರಳಿನಲ್ಲಿ ತಡಕಿ ಮುರಿಯುವುದನ್ನು ಅವತ್ತು ಮೊದಲ ಸಲ ನೋಡಿದೆ.

ಮರುದಿನ ಮಂಜಿನಲ್ಲೇ ಹೊರಟು ಹತ್ತು ಗಂಟೆಗೆ ತುಮಕೂರು ಸೇರಿದೆವು. ಅದೇ ಇನ್ಸ್‌ಪೆಕ್ಟರು. ಯಜಮಾನರನ್ನು ಕಚೇರಿ ಗೇಟಿನ ಹತ್ತಿರ ಮರದಡಿ ನಿಲ್ಲಿಸಿ ಹೊರಟೆ. ಪೇಟೆ ಬೀದಿ, ಸರ್ಕಲ್ಲು, ಒಂದು ಏರು. ವಾಪಸ್ಸು ಬರುವಾಗ ಇನ್ಸ್‌ಪೆಕ್ಟರು, "ಆ ಬಸ್ಸಿನ ಹತ್ರ ಯಾಕಮ್ಮಾ ಗಾಡಿ ನಿಲ್ಸಿದ್ದು?" ಎಂದರು.

"ಬಸ್ಸಿನ ಅಡೀಲಿ ಎರಡು ಕಾಲು ಕಂಡ್ವು ಸಾರ್. ಹೆಂಗಸಿನವು, ಮಗು ಕಂಕುಳಲ್ಲಿತ್ತೋ ಏನೋ, ಭಾರ ಒಂದೇ ಕಾಲಿನ ಮೇಲಿತ್ತು. ಅದಕ್ಕೂ ಮುಂಚೆ ಬಲಗಡೆ..."

"ಸಾಕು ಸಾಕು" ಎಂದು ಅವರು ನಕ್ಕರು. "ಪಾಸಮ್ಮಾ. ಯಾರು ಕಲಿಸಿದ್ದು?"

"ನಮ್ಮ ಯಜಮಾನ್ರು" ಎಂದೆ.

ಗೇಟಿಗೆ ಬಂದಾಗ ನಮ್ಮ ಮುಂದೆ ನಮ್ಮದರಂಥದೇ ಇನ್ಯಾರದೋ ಬಿಳಿ ವ್ಯಾನು ಒಳಗೆ ಹೋಗುತ್ತಿತ್ತು. ಯಜಮಾನರು ಮರದಡಿಯಿಂದ ಓಡಿ ಹೋಗಿ ಅದರ ಕಿಟಕಿ ಹಿಡಿದುಕೊಂಡರು. "ಏನಾಯ್ತೇ? ಏನಂದ್ರೇ?" ಎಂದು ಕೇಳುತ್ತಿದ್ದರು. ಒಳಗಿದ್ದ ಮೀಸೆಯ ಡ್ರೈವರು ಅವರನ್ನೇ ಪಿಳಿಪಿಳಿ ನೋಡುತ್ತಿದ್ದ. ನನ್ನ ಪಕ್ಕದಲ್ಲಿದ್ದ ಇನ್ಸ್‌ಪೆಕ್ಟರೂ ನೋಡಿದರು. ನನ್ನ ಅರ್ಜಿಗೆ ಸಹಿ ಹಾಕಿ ಇಳಿದು ಹೋದರು.

"ರೀ, ಇಲ್ಲಿದೀನಿ" ಎಂದು ಕೂಗಿದೆ.

ಅವರು ದನಿ ಬಂದ ಕಡೆ ತಿರುಗಿ ನಕ್ಕರು. "ಗೊತ್ತು ಬುಡೇ. ಸುಮ್ನೆ ಇವ್ರನ್ನ ಮಾತಾಡಿಸ್ತಿದ್ದೆ."

ಇಳಿದು ಹೋಗಿ, ಕೈ ಹಿಡಿದು ಕರೆತಂದು ಪಕ್ಕದ ಸೀಟಿನಲ್ಲಿ ಕೂರಿಸಿದೆ. ಪಾಸಾದೆ ಎಂದು ಹೇಳಲು ನನಗೆ ಬಾಯಿ ಬಂದದ್ದು ಗುಬ್ಬಿ ದಾರಿಯಲ್ಲಿ, ತುಮಕೂರು ಎಷ್ಟೋ ಹಿಂದೆ ಉಳಿದ ಮೇಲೆ.