ನಾರಾಯಣಮ್ಮ ಹೇಳಿ ಕಳಿಸಿದ ಮಾತು

ಸತ್ತವರ ದನಿ ಕೇಳಿಸಿತು, ನೆರಳು ಕಾಣಿಸಿತು ಅನ್ನುವವರನ್ನು ಕಂಡರೆ ನಾನು ಎದುರಿಗೇ ನಗುತ್ತಿದ್ದೆ. ಚಿನ್ನದ ಗಣಿಯಲ್ಲಿ ಇಂಥ ಕಥೆಗಳಿಗೆ ಬರವಿರಲಿಲ್ಲ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು, ಅರ್ಧ ತಮಿಳಿನಲ್ಲಿ, ಅರ್ಧ ತೆಲುಗಿನಲ್ಲಿ. ಸುರಂಗದ ಸೂರಿಗೆ ಮರದ ಆಸರೆ ಕೊಡುವ ಕೆಲಸ ನನ್ನದು. ಮರ ಸರಿಯಾಗಿ ನಿಂತರೆ ಮನುಷ್ಯ ಬದುಕುತ್ತಾನೆ, ಇಲ್ಲದಿದ್ದರೆ ಇಲ್ಲ. ಅದಕ್ಕಿಂತ ಹೆಚ್ಚಿನದನ್ನು ನಂಬುವ ಅಗತ್ಯ ನನಗೆ ಕಂಡಿರಲಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಗಣಿಯಲ್ಲಿ ರಕ್ಷಣಾ ತಂಡಕ್ಕೆ ಆಳು ಬೇಕು ಎಂದಾಗ ನಾನೇ ಹೋಗಿ ಹೆಸರು ಕೊಟ್ಟೆ. ಒಳಗೆ ಬಂಡೆ ಸಿಡಿದು ಸುರಂಗ ಕುಸಿದರೆ, ಬೇರೆಯವರು ಮೇಲೆ ಬರುವಾಗ ನಾವು ಕೆಳಗೆ ಇಳಿಯಬೇಕು. ಬೆನ್ನಿಗೆ ಗಾಳಿಯ ಡಬ್ಬಿ ಕಟ್ಟಿಕೊಂಡು ಇಳಿಯುವಾಗ ಒಂದು ಹೆಮ್ಮೆ ಇರುತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ. ಆ ಹೆಮ್ಮೆಯೇ ಮುಂದೆ ನನ್ನ ಬಾಯಿ ಕಟ್ಟಿಹಾಕಿತು.

ಮುನಿಶಾಮಿ ನಮ್ಮ ಊರಿನವನು, ಬಂಗಾರಪೇಟೆಯ ಹತ್ತಿರದವನು. ದಿನಾ ಬೆಳಿಗ್ಗೆ ಮಾರಿಕುಪ್ಪಂ ರೈಲಿನಲ್ಲಿ ಒಟ್ಟಿಗೇ ಬಂದು ಉರಿಗಾಂನಲ್ಲಿ ಇಳಿಯುತ್ತಿದ್ದೆವು. ಮಾತು ಕಡಿಮೆಯ ಮನುಷ್ಯ. ಒಂದು ದಿನ ಬೆಳಗಿನ ಪಾಳಿಯಲ್ಲಿ ಬಂಡೆ ಸಿಡಿಯಿತು. ಕೆಳಗಿದ್ದವರೆಲ್ಲ ಮೇಲೆ ಬಂದರು, ಮುನಿಶಾಮಿ ಬರಲಿಲ್ಲ.

ಅವನಿದ್ದ ಜಾಗದಲ್ಲಿ ಸುರಂಗ ಎರಡಾಗಿ ಕವಲೊಡೆಯುತ್ತಿತ್ತು. ಎರಡೂ ಕವಲು ಕುಸಿದಿದ್ದವು. ಅವನು ಎಡಕ್ಕೆ ಹೋದದ್ದನ್ನು ಕಂಡೆ ಎಂದು ಜೊತೆಗಾರನೊಬ್ಬ ಹೇಳಿದ. ಎಡಗಡೆಯಿಂದಲೇ ಅಗೆಯಲು ಶುರು ಮಾಡಿದೆವು. ಒಳಗಿನ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ. ನನ್ನ ಸರದಿ ಮುಗಿದಾಗ ತಂಡದ ಕ್ಯಾಪ್ಟನ್, "ನೀನು ಅವನ ಊರೋನಲ್ವಾ? ಓಗಿ ಮನೇಗೆ ಸುದ್ದಿ ಮುಟ್ಟಿಸು. ಬೆಳಿಗ್ಗೆ ಬಾ" ಅಂದ.

ನಾನು ಊರು ಸೇರಿದಾಗ ಇನ್ನೂ ಬಿಸಿಲಿತ್ತು. ಮುನಿಶಾಮಿಯ ಹೆಂಡತಿ ನಾರಾಯಣಮ್ಮ ಬಾಗಿಲಲ್ಲಿ ಕೂತಿದ್ದಳು. ಸುದ್ದಿ ಅವಳಿಗೆ ಮುಟ್ಟಿರಲು ಸಾಧ್ಯವಿರಲಿಲ್ಲ. ಬಂಡೆ ಸಿಡಿದ ಮೇಲೆ ಗಣಿಯಿಂದ ಹೊರಟ ಮೊದಲ ರೈಲಿಗೇ ನಾನು ಬಂದಿದ್ದೆ. ಹೇಗೆ ಹೇಳುವುದು ಎಂದು ತಡವರಿಸುತ್ತಿರುವಾಗ ಅವಳೇ ಕೇಳಿದಳು.

"ನೀನ್ಯಾಕ್ ಬಂದೆ ಅಣ್ಣಾ? ನೀನು ಅಲ್ಲಿ ಅಗೆಯೋನಲ್ವ?"

ನಾನು ಚಪ್ಪಲಿ ಬಿಟ್ಟು ಬಾಗಿಲ ಪಕ್ಕ ನಿಂತೆ.

"ಮಧ್ಯಾನ ಬಂದಿದ್ದ" ಅಂದಳು. "ಕೈಯೂ ತೊಳೀದೆ ಕುಂತ್ಕಂಡ. ಅರ್ಧ ಮುದ್ದೆ ಉಂಡ. ನೀರು ಕೊಟ್ರೆ ಬ್ಯಾಡ ಅಂದ. ಅಲ್ಲಿ ಪೈಪು ಒಡೆದು ತೊಟ್ಟಿಕ್ತಾ ಐತೆ, ಅದ್ನೇ ಕುಡೀತಾ ಇವ್ನಿ ಅಂದ. ಅವ್ರು ಎಡಗಡೆ ಅಗೀತಾವ್ರೆ, ನಾನು ಬಲಗಡೆ ಗೂಡಲ್ಲಿ ಇವ್ನಿ, ಅಣ್ಣ ಬಂದ್ರೆ ಇದ್ನ ಏಳು ಅಂದ. ಎದ್ದು ಒಂಟೋದ."

ಒಳಗೆ ಇಣುಕಿದೆ. ತಟ್ಟೆಯಲ್ಲಿ ಅರ್ಧ ಮುದ್ದೆ ಒಣಗುತ್ತಿತ್ತು. ಅವಳು ಅಳುತ್ತಿರಲಿಲ್ಲ. ಗಂಡ ಹೇಳಿ ಹೋದ ಮಾತನ್ನು ಮುಟ್ಟಿಸುವ ಹೆಂಗಸಿನ ಹಾಗೆ ಸುಮ್ಮನೆ ಹೇಳಿದಳು. ನಿದ್ದೆಯ ಮಂಪರು ಇರಬೇಕು, ಮನಸ್ಸಿಗೆ ಏನೋ ಆಗಿರಬೇಕು ಎಂದುಕೊಂಡೆ. ಆದರೆ ಎಡಗಡೆ ಅಗೆಯುತ್ತಿರುವುದು ಅವಳಿಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ರಾತ್ರಿಯೆಲ್ಲ ನನ್ನನ್ನು ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಗಣಿಗೆ ಇಳಿದು ಕ್ಯಾಪ್ಟನ್ನನ ಎದುರು ನಿಂತೆ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ, ದೆವ್ವದ ಕಥೆ ಹೇಳುವುದರಲ್ಲಿ ಹೆಸರಾಗಿದ್ದ ನಮ್ಮ ತಂಡದ ಹಿರಿಯನೊಬ್ಬ, ಬಲಗಡೆಯಿಂದ ಏನೋ ನರಳಿದ ಹಾಗೆ ಕೇಳಿಸಿತು ಎಂದ. ಕ್ಯಾಪ್ಟನ್ ಎಲ್ಲರ ಮುಂದೆ, "ಇದು ರೆಸ್ಕ್ಯೂ ಟೀಮು, ಶಾಸ್ತ್ರ ಕೇಳೋ ಜಾಗ ಅಲ್ಲ. ಭಯ ಆದ್ರೆ ಮೇಲ್ಗಡೆ ಓಗು" ಎಂದು ಅವನನ್ನು ಮೇಲಕ್ಕೆ ಕಳಿಸಿಬಿಟ್ಟ. ಉಳಿದವರು ನಕ್ಕರು. ನಾನೂ ನಕ್ಕೆ. ಓದುವವರು ಇದನ್ನು ಗಮನಿಸಬೇಕು. ನಾನೂ ನಕ್ಕೆ, ಆಮೇಲೆ ಗುದ್ದಲಿ ತೆಗೆದುಕೊಂಡು ಎಡಗಡೆಗೇ ಹೋದೆ.

ಆ ದಿನವೆಲ್ಲ ಅಗೆದೆವು. ಮರುದಿನವೂ ಅಗೆದೆವು. ಎಡಗಡೆ ಕೊನೆಯವರೆಗೂ ತೆರವಾಯಿತು. ಅಲ್ಲಿ ಯಾರೂ ಇರಲಿಲ್ಲ.

ಅದರ ಮಾರನೆಯ ದಿನ ಬಲಗಡೆಗೆ ತಿರುಗಿದೆವು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಲ್ಲಿನ ರಾಶಿ ಅಷ್ಟು ದಪ್ಪವಾಗಿರಲಿಲ್ಲ. ಆಚೆಗೆ ಹತಾರ ಇಡುವ ಸಣ್ಣ ಗೂಡು. ಅದರಲ್ಲಿ ಮುನಿಶಾಮಿ ಗೋಡೆಗೆ ಒರಗಿ ಕೂತಿದ್ದ. ಕಾಲೊಂದು ಕಲ್ಲಿನಡಿ ಸಿಕ್ಕಿತ್ತು, ಮೈಮೇಲೆ ಬೇರೆ ಗಾಯವಿರಲಿಲ್ಲ. ತಲೆಯ ಪಕ್ಕದಲ್ಲೇ ಒಡೆದ ಪೈಪು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅವನ ಅಂಗೈ ಅದರ ಕೆಳಗೇ ಇತ್ತು. ಉಸಿರಿರಲಿಲ್ಲ, ಆದರೆ ನಾನು ಮುಟ್ಟಿದಾಗ ಕತ್ತು ಇನ್ನೂ ಸೆಟೆದಿರಲಿಲ್ಲ. ಮೇಲೆ ಡಾಕ್ಟರು ನೋಡಿ, ಜೀವ ಹೋಗಿ ಬಹಳ ಹೊತ್ತಾಗಿಲ್ಲ, ಇವತ್ತು ಬೆಳಿಗ್ಗೆ ಇರಬಹುದು ಎಂದರು. ಕ್ಯಾಪ್ಟನ್ ಹೆಲ್ಮೆಟ್ ತೆಗೆದ. ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಲೆಕ್ಕವಿಲ್ಲದಷ್ಟು ಸಲ ಇದಕ್ಕೊಂದು ಕಾರಣ ಹುಡುಕಿದ್ದೇನೆ. ಆ ಗೂಡಿನ ವಿಷಯ ಮುನಿಶಾಮಿ ಹಿಂದೆಂದಾದರೂ ಮನೆಯಲ್ಲಿ ಹೇಳಿರಬಹುದು. ಸರಿ. ಆದರೆ ಪೈಪು ಒಡೆದದ್ದು ಆ ದಿನ, ಬಂಡೆ ಸಿಡಿದಾಗ. ಎಡಗಡೆ ಅಗೆಯುವುದು ಎಂದು ತೀರ್ಮಾನವಾದದ್ದು ಅದಾದ ಮೇಲೆ, ನೆಲದ ಸಾವಿರಾರು ಅಡಿ ಕೆಳಗೆ. ಮೇಲಾಗಿ, ಅವಳು ಹೇಳುವಾಗ ಅವನು ಇನ್ನೂ ಬದುಕಿದ್ದ. ಬದುಕಿರುವವನು ಹಾಗೆ ಬರುವ ಕಥೆಯನ್ನು ನಾನು ಗಣಿಯಲ್ಲೂ ಕೇಳಿರಲಿಲ್ಲ.

ಅದಾಗಿ ಕೆಲವು ತಿಂಗಳಲ್ಲಿ ತಂಡ ಬಿಟ್ಟೆ. ಕೆಲವು ವರ್ಷಗಳ ನಂತರ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಾರಾಯಣಮ್ಮ ಸಿಕ್ಕಳು. ಸೀಬೆಹಣ್ಣಿನ ಬುಟ್ಟಿ ಹೊತ್ತುಕೊಂಡು ರೈಲಿನುದ್ದಕ್ಕೂ ಮಾರುತ್ತಿದ್ದಳು. ನಾನು ಕೂತಿದ್ದ ಕಿಟಕಿಯ ಹತ್ತಿರ ಬಂದು ನಿಂತಳು.

"ಅಣ್ಣಾ, ಅವತ್ತು ನಾನು ಏಳಿದ್ದು ನೀನು ಸಾಯೇಬ್ರಿಗೆ ಏಳಿದ್ಯಾ?"

"ಹೇಳಿದೆ ಕಣಮ್ಮ" ಅಂದೆ. "ಅವರು ಕೇಳಲಿಲ್ಲ."

ಅವಳು ನನ್ನ ಮುಖ ನೋಡಿದಳು. ಬುಟ್ಟಿ ಎತ್ತಿಕೊಂಡು ಮುಂದಿನ ಡಬ್ಬಿಗೆ ಹೋದಳು.

ಆ ಮಧ್ಯಾಹ್ನ ಅವಳ ಮನೆಯಲ್ಲಿ ಕೂತು ಉಂಡವನು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಇನ್ನೊಮ್ಮೆ ಬಂದು ನಾನು ಬಾಯಿ ಬಿಡದ ವಿಷಯವನ್ನೂ ಅವಳಿಗೆ ಹೇಳಿ ಹೋಗಿದ್ದನೋ ಏನೋ, ಅದೂ ಗೊತ್ತಿಲ್ಲ.