ಕಾಮಣ್ಣನಿಗೆ ರೆಕ್ಕೆ ಇದ್ದ ವರ್ಷ

ಫೆಬ್ರವರಿಯಲ್ಲಿ ಇಂದಿರಾನಗರದ ಹೋಟೆಲುಗಳಿಗೆ ಪ್ರೇಮಿಗಳ ದಿನದ ಅಲಂಕಾರ ಮಾಡುವುದು ನನ್ನ ಕಸುಬು. ಆ ವರ್ಷ ರಟ್ಟು, ಬಿದಿರುಕಡ್ಡಿ ಸೇರಿಸಿ ಆಳೆತ್ತರದ ದೇವರೊಬ್ಬನನ್ನು ಕಟ್ಟಿದ್ದೆ. ಬೆನ್ನಿಗೆ ರೆಕ್ಕೆ, ಕೈಯಲ್ಲಿ ಬಿಲ್ಲು. ನಮ್ಮ ಡಿಸೈನರ್ ಮೇಡಂ ಪಕ್ಕದಲ್ಲಿ ನಿಂತು ವಿವರಿಸಿದರು.

"ಇವನು ರೋಮನ್ನರ ಕ್ಯುಪಿಡ್ ಕಣ್ರೀ, ವೀನಸ್ ದೇವಿ ಮಗ. ಇವನತ್ರ ಎರಡು ಥರ ಬಾಣ. ಚಿನ್ನದ್ದು ತಾಗಿದ್ರೆ ಪ್ರೀತಿ ಹುಟ್ಟುತ್ತೆ. ಸೀಸದ್ದು ತಾಗಿದ್ರೆ ಪ್ರೀತ್ಸೋರನ್ನ ಕಂಡ್ರೆ ಓಡಿಹೋಗ್ತಾರೆ."

"ಸೀಸದ್ದೂ ಮಾಡ್ಲೇನ್ರಿ?"

"ಅಯ್ಯೋ, ಅದನ್ನ ಯಾರು ಕೇಳ್ತಾರೆ! ಎಲ್ಲಾ ಗೋಲ್ಡ್ ಸ್ಪ್ರೇ ಹೊಡೀರಿ."

ಹೊಡೆದೆ. ಹೆಂಡತಿ ಕಲಬುರಗಿ ಕಡೆಯ ತವರಿಗೆ ಹೋಗಿ ಆಗಲೇ ತಿಂಗಳಾಗಿತ್ತು. ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ನಾನೊಬ್ಬನೇ. ಮೂರು ವರ್ಷದಲ್ಲಿ ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಒಮ್ಮೆಯೂ ನಾನು ಮನೆಯಲ್ಲಿರಲಿಲ್ಲ. ಬೇರೆಯವರ ಮಂಟಪ ಕಟ್ಟುತ್ತಿದ್ದೆ. ಹೋಗುವಾಗ ಅವಳು ಜಗಳವಾಡಲಿಲ್ಲ. "ವಿಚಾರ ಮಾಡ್ತೀನ್ರಿ. ಬರೋದೋ ಬಿಡೋದೋ ಹೋಳಿ ಹುಣ್ಣಿಮಿಗಿ ಹೇಳ್ತೀನಿ" ಅಂದಳು, ಅಷ್ಟೇ. ನಾನು ಉಂಡೆ, ಮಲಗಿದೆ, ಕೆಲಸಕ್ಕೆ ಹೋದೆ. ಕಾಯುವುದು ಎಂದರೆ ಇದೇ ಇರಬೇಕು.

ಹೋಟೆಲಿನ ಪಾರ್ಟಿ ಮುಗಿದ ಮೇಲೆ ಆ ದೇವರನ್ನು ಗುಜರಿಗೆ ಹಾಕಲು ಮನಸ್ಸಾಗದೆ ವಠಾರಕ್ಕೆ ತಂದಿಟ್ಟಿದ್ದೆ. ಹೋಳಿ ಬಂದಾಗ ನಮ್ಮೂರ ಕಡೆಯ ಗೆಳೆಯರು ಅವನನ್ನೇ ಸುಡುವ ಕಾಮಣ್ಣ ಮಾಡಿಬಿಟ್ಟರು. ಬಿಲ್ಲು ಬಾಣ ಇವೆಯಲ್ಲ, ಇನ್ನೇನು ಬೇಕು!

"ರೆಕ್ಕಿ ಯಾಕಪಾ ಇವಂಗ?"

"ಶಿವ ಕಣ್ಣು ತೆರದ್ರ ಹಾರಿ ಹೋಗ್ಲಿಕ್ಕ."

ಪಕ್ಕದ ಕೋಣೆಯ ಗಾರೆ ಕೆಲಸದ ಕಾಕಾ ಮಾತ್ರ ಒಪ್ಪಲಿಲ್ಲ. "ಹೆಂಡ್ತಿ ಇಲ್ದ ಕಾಮಣ್ಣ ಕೂಡ್ತಾನೇನೋ? ರತಿ ಎಲ್ಲಿ?" ಎಂದು ಗದರಿದರು. ರೋಮಿನವನು ಒಂಟಿಯಾಗಿ ಬಂದಿದ್ದ. ಉಳಿದ ಬಿದಿರಿನಲ್ಲಿ ರತಿಯನ್ನು ಕಟ್ಟಿದೆವು. ಉಡಿಸಲು ನನ್ನ ಹೆಂಡತಿಯ ಹಸಿರು ಸೀರೆ ತಂದುಕೊಟ್ಟೆ.

"ಆಕಿ ಬಂದ್ರ ಬೈತಾಳ ನೋಡು."

"ಬೈಯಂಗಿಲ್ಲ ಕಾಕಾ, ಉಡಸ್ರಿ."

ಅಂದು ಬೆಳಿಗ್ಗೆಯೇ ಅವಳ ಫೋನು ಬಂದಿತ್ತು. "ನಾ ಬರಂಗಿಲ್ರಿ. ದಾರಿ ನೋಡಬ್ಯಾಡ್ರಿ" ಅಂದಿದ್ದಳು. ನಾನು ಹೂಂ ಅಂದೆ. ನಾಷ್ಟಾ ಆಯ್ತೇನು ಎಂದು ಕೇಳಿದೆ. ಫೋನಿಟ್ಟು ಗಡ್ಡ ಹೆರೆದುಕೊಂಡೆ. ಏನೂ ಅನ್ನಿಸಲಿಲ್ಲ. ನಾನೆಂಥ ಮನುಷ್ಯ ಎಂದು ಕನ್ನಡಿಯಲ್ಲಿ ನೋಡಿಕೊಂಡೆ. ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಕು ಹರಿದ ಮೇಲೆ ರತಿಯನ್ನು ಪಕ್ಕಕ್ಕೆ ಸರಿಸಿ ಕಾಮಣ್ಣನಿಗೆ ಬೆಂಕಿ ಇಟ್ಟರು. ನಮ್ಮಲ್ಲಿ ರತಿಯನ್ನು ಸುಡುವುದಿಲ್ಲ. ಕಾಮಣ್ಣ ಸತ್ತನೆಂದು ಗಂಡಸರೆಲ್ಲ ಬೆಂಕಿಯ ಸುತ್ತ ನಿಂತು, ಸಾವಿನ ಮನೆಯವರ ಹಾಗೆ ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಅಳಬೇಕು. ತಮಾಷೆಯ ಅಳು ಅದು. ನಾನೂ ಶುರುಮಾಡಿದೆ. ರೆಕ್ಕೆಗಳು ಹೊತ್ತಿಕೊಂಡವು. ಸ್ವಲ್ಪ ಹೊತ್ತಿಗೆ ಎಲ್ಲರೂ ನಗುತ್ತ ನಿಲ್ಲಿಸಿದರು. ನನಗೆ ನಿಲ್ಲಿಸಲು ಆಗಲಿಲ್ಲ.

"ಭಾರಿ ಆಕ್ಟಿಂಗ್ ಮಾಡ್ತಾನಲೇ ಇಂವ!" ಎಂದು ಯಾರೋ ಕೂಗಿದರು. ತುಟಿ ಒಡೆದು ಬಾಯಿ ಉಪ್ಪುಪ್ಪಾಯಿತು. ಕಾಕಾ ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಸತ್ತಾಂವ ಕಾಮಣ್ಣ. ನಿಂಗೇನಾಗ್ಯಾದೋ ತಮ್ಮಾ?"

"ಬರಂಗಿಲ್ಲಂತ ಕಾಕಾ," ಎಂದೆ. "ಆಕಿ ಬರಂಗಿಲ್ಲಂತ."