ತಿಪ್ಪಕ್ಕನ ಬೈಗುಳದ ಇಂಗ್ಲಿಷ್ ಅನುವಾದ

ಮಧ್ಯಾಹ್ನ ಮಜ್ಜಿಗೆಗೆ ಒಗ್ಗರಣೆ ಹಾಕುತ್ತಿದ್ದೆ, ಫೋನು ಟಣ್ ಎಂದಿತು. 'ನಿಮ್ಮ ಕಾಯಿಗಳು ನಿಮಗಾಗಿ ಕಾಯುತ್ತಿವೆ.' ಚೌಕಾಬಾರದ ಆ್ಯಪ್‌ನವರು. ಕಾಯಲಿ ಬಿಡಿ. ನನಗೆ ಸಿಟ್ಟು ಬಂದಿರುವುದು ಅವರ ಮೇಲೋ ನನ್ನ ಮೇಲೋ ಎಂಬುದೇ ಇನ್ನೂ ಕ್ಲಿಯರ್ ಆಗಿಲ್ಲ. ನೀವೇ ಕೇಳಿ ಹೇಳಿ.

ಚಳ್ಳಕೆರೆಗೆ ಸೊಸೆಯಾಗಿ ಬಂದಾಗ ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದ ಹುಡುಗಿ. ಪ್ಲೀಸ್, ಥ್ಯಾಂಕ್ಯೂ ಇಲ್ಲದೆ ನೀರನ್ನೂ ಕೇಳುತ್ತಿರಲಿಲ್ಲ. ಮನೆಯವರು ನನ್ನನ್ನು ಗಾಜಿನ ಬೀರುವಿನೊಳಗಿನ ಪಿಂಗಾಣಿ ಕಪ್ಪಿನ ಹಾಗೆ ದೂರದಿಂದಲೇ ನೋಡುತ್ತಿದ್ದರು. ನನ್ನ ಗಂಡನ ತಂಗಿ ತಿಪ್ಪಕ್ಕನದೂ 'ಬರ್ರಿ ಅತ್ಗೆ, ಉಣ್ರಿ ಅತ್ಗೆ'. ಎದುರಿಗೆ ನಾನೂ ಅವಳನ್ನು ನೀವು ಎಂದೇ ಕರೆಯುತ್ತಿದ್ದೆ. ಆದರೆ ಮೊಳಕಾಲ್ಮೂರಿನ ಅವಳ ಮನೆಯಲ್ಲಿ, ಕಡಪ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದು ಹುಣಸೆಬೀಜ ಕೈಗೆತ್ತಿಕೊಂಡಳೆಂದರೆ ಆ 'ರಿ' ಹಾರಿಹೋಗುತ್ತಿತ್ತು.

'ಕಟ್ಟೆ ಬಿಟ್ಟು ಹೊರಗ್ ಬಾರೇ, ನಿನ್ನ ಕಡ್ದು ಹಾಕ್ತೀನಿ.'

ಕಟ್ಟೆಯ ಮನೆಯಲ್ಲಿರುವ ಕಾಯಿಯನ್ನು ಯಾರೂ ಕಡಿಯುವಂತಿಲ್ಲ, ಹೊರಗೆ ಬಂದರೆ ಕಡಿದು ವಾಪಸ್ಸು ಕಳಿಸಬಹುದು. ಅಷ್ಟೇ ಆ ಮಾತಿನ ಅರ್ಥ. ಆ ಏಕವಚನ ಕೇಳುವುದಕ್ಕೆಂದೇ ನಾನು ಕಟ್ಟೆ ಬಿಟ್ಟು ಬರುತ್ತಿದ್ದೆನೇನೋ. ಆಟ ಮುಗಿದ ಕೂಡಲೇ ಮತ್ತೆ, 'ಕಾಫಿ ಕುಡೀತೀರಾ ಅತ್ಗೆ?'

ಈಗ ಮೊಳಕಾಲ್ಮೂರಿಗೆ ಹೋಗುವ ತಳಕಿನ ದಾರಿಯ ಬಸ್ಸು ಇಬ್ಬರ ಮಂಡಿಗೂ ಒಗ್ಗದು. ಹಾಗಾಗಿ ಫೋನಿನಲ್ಲೇ ಆಟ. ತಿಪ್ಪಕ್ಕ ಮೈಕು ಒತ್ತಿ ಆಡಿದ ಮಾತು ಅಕ್ಷರವಾಗಿ ನನ್ನ ಸ್ಕ್ರೀನಿಗೆ ಬೀಳುತ್ತದೆ. ಅದೇ ಬಾಯಿ, ಅದೇ ಏಕವಚನ. ಆದರೆ ಚೌಕದ ಉಳಿದೆರಡು ಬದಿಯಲ್ಲಿ ಕೂರುವವರು ಯಾರೋ ಅಪರಿಚಿತರು. ಅವರಲ್ಲೊಬ್ಬರು ಕಂಪ್ಲೇಂಟ್ ಕೊಟ್ಟರು. ಆ್ಯಪ್‌ನವರು 'ಬೆದರಿಕೆಯ ಭಾಷೆ' ಎಂದು ತಿಪ್ಪಕ್ಕನನ್ನು ಒಂದು ವಾರ ಹೊರಗಿಟ್ಟರು.

'ಕಾಯಿನ ಕಡೀದೆ ಏನ್ ಮುದ್ದಾಡ್ಲಾ?' ಎಂದು ಫೋನ್ ಮಾಡಿದಳು. 'ನೀವು ಇಂಗ್ಲೀಷ್ ಬಲ್ಲೋರು ಅತ್ಗೆ. ಅವರಿಗೊಂದ್ ಮಾತ್ ಹೇಳ್ರಿ.'

ಹೇಳಿದೆ. ಆನ್ಸರ್ ವಿತ್ ಸೂಟಬಲ್ ಎಕ್ಸಾಂಪಲ್ಸ್ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರಲ್ಲ. ಡಿಯರ್ ಸರ್ ಆರ್ ಮೇಡಂ ಎಂದು ಶುರುಮಾಡಿ, ನಮ್ಮ ಕಡೆ ಇದು ಪ್ರೀತಿಯ ಮಾತು ಎಂದು ವಿವರಿಸಿ, ತಿಪ್ಪಕ್ಕನ ಬೈಗುಳಗಳನ್ನು ಒಂದೊಂದಾಗಿ ಅನುವಾದಿಸಿದೆ. 'ಸ್ಟೆಪ್ ಔಟ್ ಆಫ್ ಯುವರ್ ಹೌಸ್ ಅಂಡ್ ಐ ಶಲ್ ಕಟ್ ಯೂ ಡೌನ್.' ಆ 'ಶಲ್'ಗೆ ನಾನೇ ಬೆನ್ನು ತಟ್ಟಿಕೊಂಡೆ. ಉತ್ಸಾಹದಲ್ಲಿ, ಅವಳು ಫೋನಿನಲ್ಲಿ ಎಂದೂ ಆಡದ ಹಳೆಯ ಬೈಗುಳಗಳನ್ನೂ ಸೇರಿಸಿದೆ.

ಉತ್ತರ ಕೂಡಲೇ ಬಂತು. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ನಿಮಗಾದ ನೋವಿಗೆ ವಿಷಾದಿಸುತ್ತೇವೆ. ನೀವು ಕೊಟ್ಟ ಉದಾಹರಣೆಗಳನ್ನು ಪರಿಶೀಲಿಸಿ, ಆ ಆಟಗಾರರನ್ನು ಶಾಶ್ವತವಾಗಿ ತೆಗೆದುಹಾಕಿದ್ದೇವೆ.'

ನನಗಾದ ನೋವು? ಮತ್ತೆ ಬರೆದೆ, ಅದೂ ಅಮೂಲ್ಯವಂತೆ. ಅಲ್ಲಿ ಕೂತಿರುವುದು ಮನುಷ್ಯರಾದರೆ ನಾನು ಬರೆದದ್ದನ್ನು ಓದಬೇಕಿತ್ತು, ಮಷೀನಾದರೆ ಇಷ್ಟೊಂದು ಪೊಲೈಟ್ ಆಗಿ ವಿಷಾದಿಸಿದ್ದು ಹೇಗೆ? ಓದಿದರೆ ನಾನೇ ಬರೆದ ಹಾಗಿತ್ತು.

ತಿಪ್ಪಕ್ಕನಿಗೆ ಹೇಳಲು ಬಾಯಿ ಬಂದಿರಲಿಲ್ಲ. ಇವತ್ತು ಒಗ್ಗರಣೆ ಸೌಟು ಇಳಿಸಿ ಫೋನ್ ಮಾಡಿ ಹೇಳಿಯೇಬಿಟ್ಟೆ.

'ಬಿಡಿಸ್ಕೊಂಡ್ ಬಾ ಅಂದ್ರೆ ಸಾಕ್ಷಿ ಹೇಳಿ ಬಂದ್ಯಾ?' ತಿಪ್ಪಕ್ಕ ಉಸಿರು ಸಿಗದಷ್ಟು ನಗುತ್ತಿದ್ದಳು. 'ಬೆಂಕಿ ಬೀಳಾ ನಿನ್ ಇಂಗ್ಲೀಷಿಗೆ.'

ಆಟವಿಲ್ಲ, ಬೀಜವಿಲ್ಲ, ಆದರೂ 'ರಿ' ಇಲ್ಲ. ಸಾರಿ ಎನ್ನಬೇಕೋ ಥ್ಯಾಂಕ್ಸ್ ಎನ್ನಬೇಕೋ ತಿಳಿಯದೆ, 'ಊಟ ಆಯ್ತೇನೇ?' ಎಂದೆ.